ಧಾಟಿ: ನಮ್ಮನಿಯವರದು

ಕುಕನೂರಿನ ನಮ್ಮ ದೊಡ್ಡವ್ವನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ಅದರ ರಟ್ಟಿಗೆ ಹಳೆಯ ಕುಪ್ಪಸದ ಬಟ್ಟೆ ಅಂಟಿಸಿ, ಅಂಚಿಗೆ ಹೊಲಿಗೆ ಹಾಕಿದ್ದಾಳೆ. ಒಳಗೆ ಅವಳೇ ಕಟ್ಟಿದ ನೂರಕ್ಕೂ ಮಿಕ್ಕಿದ ಭಜನೆ ಪದಗಳಿವೆ. ಪ್ರತಿ ಪದದ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ‘ಧಾಟಿ’ ಎಂದು ಬರೆದು, ಅದನ್ನು ಯಾವ ಹಾಡಿನ ರಾಗಕ್ಕೆ ಹಾಡಬೇಕು ಎಂದು ಗುರುತು ಹಾಕಿದ್ದಾಳೆ. ನಮ್ಮ ಕಡೆಯ ಭಜನಾ ಮಂಡಳಿಗಳಲ್ಲಿ ಇದು ಹಿಂದಿನಿಂದ ಬಂದ ರೂಢಿ. ಮಾತು ನಮ್ಮದು, ರಾಗ ಸಿನಿಮಾದ್ದು. ಹಿಂದಿ ಸಿನಿಮಾದ ನಾಯಕ ನಾಯಕಿ ಮಳೆಯಲ್ಲಿ ತೋಯ್ಸಿಕೊಂಡು ತಬ್ಬಿಕೊಂಡ ರಾಗದಲ್ಲೇ ಕುಕನೂರಿನ ಹೆಂಗಸರು ಸೋಮವಾರ ಸೋಮವಾರ ಕಣ್ಣು ಮುಚ್ಚಿ ಶಿವನನ್ನು ಕರೆಯುತ್ತಾರೆ. ಶಿವನಿಂದ ಇದುವರೆಗೆ ತಕರಾರು ಬಂದಿಲ್ಲ.

ಆದರೆ ದೊಡ್ಡವ್ವನದೊಂದು ಕಾಯ್ದೆಯಿದೆ. ಹಾಡುವ ಮುಂಚೆ ಧಾಟಿ ಯಾವುದೆಂದು ಬಾಯಿಬಿಟ್ಟು ಹೇಳಲೇಬೇಕು. “ಧಾಟಿ ತಗೊಳ್ಳೂದು ತಪ್ಪಲ್ಲ. ಹೇಳದ ತಗೊಂಡ್ರ ಅದು ಕಳವು” ಎನ್ನುತ್ತಾಳೆ. ಎರಡು ವರ್ಷದ ಹಿಂದೆ ಯಲಬುರ್ಗಾದಲ್ಲಿ ಸುತ್ತಲಿನ ಮಂಡಳಿಗಳೆಲ್ಲ ಸೇರಿ ಹಾಡುವ ದಿನ, ಆ ಊರಿನ ಹೆಂಗಸರು ಒಂದು ಪದವನ್ನು ‘ಇದು ನಮ್ಮ ಸ್ವಂತ ಧಾಟಿ’ ಎಂದು ಎತ್ತಿಕೊಂಡರು. ಎರಡು ಸಾಲು ಮುಗಿಯುವುದರೊಳಗೆ ದೊಡ್ಡವ್ವ ಜಮಖಾನೆಯ ಮೇಲೆ ಎದ್ದು ನಿಂತಳು. “ಯವ್ವಾ, ಸ್ವಲ್ಪ ತಡೀರಿ. ಇದು ಹಿಂದಿ ಪಿಚ್ಚರಿನ ಧಾಟಿ. ಹೇಳಿ ಹಾಡ್ರಿ, ಶಿವಾ ಏನೂ ಅನ್ನೂದಿಲ್ಲ” ಎಂದಳು. ಹಾರ್ಮೋನಿಯಂ ನಿಂತಿತು, ತಾಳ ನಿಂತಿತು. ಆ ಮಂಡಳಿಯ ಮುಖಂಡೆ ಅಂದಿನಿಂದ ದೊಡ್ಡವ್ವನನ್ನು ಕಂಡರೆ ಸೆರಗಿನ ಗಂಟು ಬಿಚ್ಚಿ ಮತ್ತೆ ಕಟ್ಟುತ್ತ ನಿಲ್ಲುತ್ತಾಳೆ, ಮಾತಾಡುವುದಿಲ್ಲ.

ಇಡೀ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಪದಕ್ಕೆ ಮಾತ್ರ ಸಿನಿಮಾದ ಸಾಲ ಇರಲಿಲ್ಲ. ಅದು ಮೊದಲ ಪುಟದ ಪದ. ದೊಡ್ಡವ್ವ ತನ್ನ ಬದುಕಿನಲ್ಲಿ ಮೊಟ್ಟಮೊದಲು ಕಟ್ಟಿದ್ದು.

ಬಾಗಿಲ ತೆರೆದೇನಿ ಬಾರೋ ಶಿವನೇ
ರೊಟ್ಟಿ ಆರತಾವ ಬೇಗ ಬಾರೋ

ಅದರ ತಲೆಯ ಮೇಲೆ ಹೀಗಿತ್ತು: ‘ಧಾಟಿ: ನಮ್ಮನಿಯವರದು.’

ಮನೆಯವರು ಎಂದರೆ ನಮ್ಮ ದೊಡ್ಡಪ್ಪ. ಮುನಿರಾಬಾದಿನಲ್ಲಿ ಕಾಲುವೆಯ ನೀರಿನ ಮಟ್ಟ ನೋಡಿ ಬರೆದುಕೊಳ್ಳುವ ನೌಕರಿ ಮಾಡಿ ನಿವೃತ್ತರಾದವರು. ಮೂವತ್ತು ವರ್ಷ ದಿನಾ ಬೆಳಿಗ್ಗೆ ಕಾಲುವೆಗೆ ಬಗ್ಗಿ, ಕಲ್ಲಿನ ಮೇಲಿನ ಗೆರೆ ನೋಡಿ, ಕಂಡಷ್ಟನ್ನೇ ಬರೆದರು. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಮನೆಯಲ್ಲೂ ಹಾಗೇ. ಸಾರು ಹೇಗಿದೆ ಎಂದು ಕೇಳಿದರೆ “ಉಪ್ಪು ಕಾಲು ಚಮಚ ಕಮ್ಮಿ ಐತಿ” ಎನ್ನುವ ಪೈಕಿ. ಇಂಥ ಮನುಷ್ಯ ಮದುವೆಯಾದ ಹೊಸದರಲ್ಲಿ ಹೆಂಡತಿಗೆಂದು ಒಂದು ರಾಗ ಕಟ್ಟಿದ್ದರು ಎಂಬುದು ನಮ್ಮ ಬಂಧು ಬಳಗದಲ್ಲೆಲ್ಲ ಪ್ರಸಿದ್ಧವಾದ ಸಂಗತಿ. ಪ್ರತಿ ಭಜನೆಯಲ್ಲಿ ಆ ಪದದ ಮುಂಚೆ ದೊಡ್ಡವ್ವ ಸೆರಗು ಸರಿ ಮಾಡಿಕೊಂಡು “ಧಾಟಿ ನಮ್ಮನಿಯವರದು” ಎನ್ನುವಾಗ ಎಪ್ಪತ್ತು ದಾಟಿದ ಆ ಮುಖಕ್ಕೆ ಹೊಸ ಮದುಮಗಳ ಕಳೆ ಬರುತ್ತಿತ್ತು. ದೊಡ್ಡಪ್ಪ ಮಾತ್ರ ಭಜನೆಗೆ ಬರುತ್ತಿರಲಿಲ್ಲ. ಆ ರಾಗವನ್ನು ಮತ್ತೆ ಒಮ್ಮೆಯೂ ಹಾಡಲಿಲ್ಲ. ನಾಚಿಕೆ ಸ್ವಭಾವ ಎಂದು ನಾವೆಲ್ಲ ತಿಳಿದಿದ್ದೆವು.

ಇದರಲ್ಲಿ ನಾನು ಹೇಗೆ ಕೈ ಹಾಕಿದೆ ಎಂಬುದನ್ನು ಹೇಳಬೇಕು. ನಾನು ಕುಷ್ಟಗಿಯ ಒಂದು ಪ್ರೌಢಶಾಲೆಯಲ್ಲಿ ಹಿಂದಿ ಕಲಿಸುತ್ತೇನೆ. ಅಂದರೆ ಮಕ್ಕಳು ಸಿನಿಮಾ ನೋಡಿ ನನಗಿಂತ ಚೆನ್ನಾಗಿ ಕಲಿತ ಭಾಷೆಯನ್ನು ಪರೀಕ್ಷೆಗೆ ಬೇಕಾದಷ್ಟು ಕೆಡಿಸಿ ಕೊಡುತ್ತೇನೆ. ನನಗೆ ಸಿಟ್ಟು ಬೇಗ ಬರುತ್ತದೆ, ವಿಷಯ ತಿಳಿಯುವುದು ತಡ. ಕಳೆದ ವರ್ಷ ಶ್ರಾವಣದಲ್ಲಿ ಕುಕನೂರಿಗೆ ಹೋದಾಗ ಮಂಡಳಿಯ ಹಾಡನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಿಡಿಯೊ ತಾಣಕ್ಕೆ ಏರಿಸೋಣ, ಜಗತ್ತು ಕೇಳಲಿ ಎಂಬ ಹುಕಿ ಬಂತು. ಸಿನಿಮಾ ಧಾಟಿ ಹಾಕಿದರೆ ಹಕ್ಕಿನವರು ತಕರಾರು ತೆಗೆಯುತ್ತಾರೆ ಎಂದು ಜೊತೆಯ ಶಿಕ್ಷಕಿಯೊಬ್ಬರು ಎಚ್ಚರಿಸಿದ್ದರು. ನಾನೇನು ದಡ್ಡಿಯೇ? ನೂರು ಪದಗಳಲ್ಲಿ ಹುಡುಕಿ, ಯಾರ ತಂಟೆಯೂ ಇಲ್ಲದ, ನಮ್ಮ ದೊಡ್ಡಪ್ಪನ ಸ್ವಂತ ಧಾಟಿಯ ಪದವನ್ನೇ ಆರಿಸಿಕೊಂಡೆ.

ಏರಿಸಿ ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ನೋಟೀಸು ಬಂತು. ಈ ವಿಡಿಯೊದಲ್ಲಿರುವ ರಾಗಕ್ಕೆ ಬೇರೆಯವರು ಹಕ್ಕುದಾರರು ಎಂದು ಬರೆದು, ಕೆಳಗೆ ಒಂದು ಹಳೆಯ ಹಿಂದಿ ಸಿನಿಮಾ ಹಾಡಿನ ಹೆಸರು ಕೊಟ್ಟಿದ್ದರು. ನಾನು ಹೆಸರನ್ನೂ ಕೇಳಿರದ ಸಿನಿಮಾ. ಒತ್ತಿ ಕೇಳಿದೆ. ಅದೇ ರಾಗ. ದೊಡ್ಡಪ್ಪ ಕಟ್ಟಿದ ರಾಗ. ಮೈಯೆಲ್ಲ ಉರಿದುಹೋಯಿತು.

ಇಲ್ಲಿ ಬೇರೆ ಯಾರಾದರೂ ಒಂದು ಗಳಿಗೆ ಸುಮ್ಮನೆ ಕೂತು ಯೋಚಿಸುತ್ತಿದ್ದರು. ನಾನು ಅಡುಗೆಮನೆಗೆ ನುಗ್ಗಿ ದೊಡ್ಡವ್ವನ ಕಿವಿಗೆ ಮೊಬೈಲು ಹಿಡಿದೆ.

ದೊಡ್ಡವ್ವ ಪೂರ್ತಿ ಕೇಳಿದಳು. ಮತ್ತೊಮ್ಮೆ ಹಚ್ಚು ಅಂದಳು. ಕೇಳಿ ಮುಗಿಸಿ, ಹಿಟ್ಟಿನ ಕೈಯನ್ನು ಪರಾತದ ಅಂಚಿಗೆ ಒರೆಸಿ, ಶಾಂತವಾಗಿ ತೀರ್ಪು ಕೊಟ್ಟಳು.

“ಕದ್ದಾರ.”

“ಯಾರು?”

“ಈ ಪಿಚ್ಚರಿನವರು. ನಮ್ಮನಿಯವ್ರದ್ದು ಕದ್ದಾರ. ಆಗ ಇವ್ರು ದಿನಾ ಕಾಲುವಿ ದಂಡಿ ಮ್ಯಾಲೆ ಅಡ್ಡ್ಯಾಡತಿದ್ರು. ಹಾಡಕೋಂತ ಹೊಂಟಿರ್ತಾರ. ಡ್ಯಾಮ್ ನೋಡಾಕ ಎಲ್ಲೆಲ್ಲಿಂದ ಮಂದಿ ಬರ್ತಿತ್ತು. ಮುಂಬಯಿ ಕಡಿ ಯಾವನೋ ಬಂದಾನ, ಕೇಳ್ಯಾನ, ಹೋಗಿ ಪಿಚ್ಚರಿಗೆ ಹಾಕ್ಯಾನ. ಧಾಟಿ ಯಾರದು ಅಂತ ಬರದಾನೇನು ನೋಡು.”

ನೋಡಿದೆ. ಬರೆದಿರಲಿಲ್ಲ. ಸಂಗೀತ ನಿರ್ದೇಶಕರ ಹೆಸರಿತ್ತು, ನಮ್ಮ ದೊಡ್ಡಪ್ಪನ ಹೆಸರು ಎಲ್ಲೂ ಇರಲಿಲ್ಲ. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ನಾನು ಅದನ್ನು ಅಕ್ಷರಶಃ ನಂಬಿದೆ. ಬಿ.ಎ., ಬಿ.ಎಡ್. ಓದಿದ ನಾನು, ಮುಂಬಯಿಯ ಸಂಗೀತಗಾರನೊಬ್ಬ ಮುನಿರಾಬಾದಿನ ಕಾಲುವೆಯ ಏರಿಯ ಮೇಲೆ ಗಿಡದ ಮರೆಯಲ್ಲಿ ನಿಂತು ಕಿವಿಗೊಟ್ಟು ಕೇಳುವುದನ್ನು ಕಣ್ಣಾರೆ ಕಂಡವಳಂತೆ ಸಿಟ್ಟಾದೆ.

“ನೀ ಹಿಂದಿ ಟೀಚರ್ ಅದಿಯಲ್ಲ, ಅವರಿಗೆ ಒಂದು ಕಾಗದ ಬರಿ” ಎಂದಳು ದೊಡ್ಡವ್ವ. “ರೊಕ್ಕ ಬ್ಯಾಡ. ಧಾಟಿ ಇಂಥವರದು ಅಂತ ಹಾಕಿದ್ರ ಸಾಕು. ಈ ಸಲದ ಯಲಬುರ್ಗಾ ಭಜನ್ಯಾಗ ನಾನೂ ಎಲ್ಲಾರ ಮುಂದ ಹೇಳ್ತೀನಿ.”

ಪಡಸಾಲೆಯಲ್ಲಿ ದಿನಪತ್ರಿಕೆ ಓದುತ್ತಿದ್ದ ದೊಡ್ಡಪ್ಪನಿಗೂ ಇದು ಕೇಳಿಸಿತು. ಪತ್ರಿಕೆ ಮುಖದ ಮುಂದೆ ಇನ್ನಷ್ಟು ಮೇಲೇರಿತು. ಎಂಥ ನಿಗರ್ವಿ ಎಂದುಕೊಂಡೆ.

ಕುಷ್ಟಗಿಗೆ ಮರಳಿ ಕಾಗದ ಬರೆಯಲು ಕೂತೆ. ‘ಮಾನ್ಯ ಮಹೋದಯ’ ಎಂದು ಶುರು ಮಾಡಿ ನಾಲ್ಕು ಪುಟ ಬರೆದೆ. ಹತ್ತು ವರ್ಷ ಮಕ್ಕಳಿಗೆ ರಜೆಯ ಅರ್ಜಿ ಬರೆಯಲು ಕಲಿಸಿದ್ದರ ಫಲವಾಗಿ, ಎರಡು ಕಡೆ ‘ಕೃಪೆಯಿಟ್ಟು ರಜೆ ಮಂಜೂರು ಮಾಡಬೇಕು’ ಎಂದು ಕೈ ತಾನಾಗಿ ಬರೆದುಬಿಟ್ಟಿತ್ತು. ಹೊಡೆದು ಹಾಕಿದೆ. ಶಿಕ್ಷಕರ ಕೋಣೆಯಲ್ಲಿ ನಿಂತು ಇಡೀ ಕತೆ ಹೇಳಿ, ಹಿಂದಿ ಸಿನಿಮಾದವರೆಲ್ಲ ಕಳ್ಳರು ಎಂದು ಸಾರಿದೆ.

ಅದಕ್ಕೆ ಪುರಾವೆಯೂ ಇತ್ತೆನ್ನಿ. ಹಿಂದಿ ಹಾಡುಗಳ ಕುಲಗೋತ್ರ ಹುಡುಕುವವರದೇ ಒಂದು ದೊಡ್ಡ ಬಳಗ ಮೊಬೈಲಿನಲ್ಲಿದೆ. ಈ ಹಾಡು ಅರಬರದು, ಇದು ಇಟಲಿಯದು, ಇದು ಯಾವುದೋ ದ್ವೀಪದ ಮೀನುಗಾರರದು ಎಂದು ಎರಡನ್ನೂ ಒಂದರ ಮೇಲೊಂದು ಹಚ್ಚಿ ಕೇಳಿಸುತ್ತಾರೆ. ಮೂರು ದಿನ ಅದನ್ನೇ ಕೇಳಿದೆ. ಕಾಲೇಜಿನಲ್ಲಿದ್ದಾಗ ನಾನು ದಿಂಬು ತೋಯುವಂತೆ ಅತ್ತಿದ್ದ ವಿರಹದ ಹಾಡೊಂದು ಹೊರದೇಶದ ಮದುವೆಯ ಕುಣಿತದ ರಾಗವಂತೆ. ಆ ಕಣ್ಣೀರನ್ನು ಯಾರ ಹತ್ತಿರ ವಾಪಸು ಕೇಳಲಿ? ಸಿಟ್ಟು ಇಮ್ಮಡಿಯಾಯಿತು.

ಕಾಗದ ಅಂಚೆಗೆ ಹಾಕಬೇಕೆಂದಿದ್ದ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಶಾಲೆಯ ಗೇಟಿನ ಬಳಿ ದೊಡ್ಡಪ್ಪ ನಿಂತಿದ್ದರು. ಕೈಯಲ್ಲಿ ಒಂದು ಚೀಲ ಪೇರಲ ಹಣ್ಣು. ಕುಕನೂರಿನಿಂದ ಬಿಸಿಲಲ್ಲಿ ಬಸ್ಸು ಬದಲಾಯಿಸಿ ಬಂದಿದ್ದರು. ಕಣ್ಣಿನ ಡಾಕ್ಟರಿಗೆ ತೋರಿಸಿ ಬರುತ್ತೇನೆಂದು ದೊಡ್ಡವ್ವನಿಗೆ ಹೇಳಿದ್ದರಂತೆ. ಬೇವಿನ ಗಿಡದ ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟೆ.

“ಆ ಕಾಗದ ಕಳಿಸಿದೇನವಾ?”

“ಇವತ್ತ ಕಳಸ್ತೀನಿ ದೊಡ್ಡಪ್ಪಾ. ನೀವು ಚಿಂತಿ ಮಾಡಬ್ಯಾಡ್ರಿ. ಅವರನ್ನ ಬಿಡಾಂಗಿಲ್ಲ.”

“ಬಿಟ್ಟಬಿಡವಾ ಪಾಪ.”

“ಯಾಕ ಬಿಡ್ಲಿ? ಕಳ್ಳರನ್ನ...”

“ಅವರು ಕದ್ದಿಲ್ಲ,” ಎಂದರು ದೊಡ್ಡಪ್ಪ, ಚೀಲದ ಹಿಡಿಕೆಯನ್ನು ತಿರುಚುತ್ತ. “ನಾ ಕದ್ದೀನಿ.”

ನನ್ನ ಕೈಯಲ್ಲಿದ್ದ ಪೇರಲ ಬಾಯಿಯ ಹತ್ತಿರವೇ ನಿಂತಿತು. ಅವರು ಕಾಲುವೆಯ ಮಟ್ಟ ಒಪ್ಪಿಸುವ ದನಿಯಲ್ಲಿ ಎಲ್ಲವನ್ನೂ ಒಪ್ಪಿಸಿದರು.

ದೊಡ್ಡವ್ವ ಹನುಮಸಾಗರದ ಕಟ್ಟುನಿಟ್ಟಿನ ಮನೆಯ ಮಗಳು. ಅವಳ ತಂದೆಗೆ ಕುಡುಕರೂ ಸಿನಿಮಾ ನೋಡುವವರೂ ಒಂದೇ ಪಂಕ್ತಿ. ಹೆಣ್ಣು ಕೊಡುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ಹುಡುಗ ಪಿಚ್ಚರ್ ನೋಡುವುದಿಲ್ಲ ತಾನೆ? ಗಂಡಿನ ಕಡೆಯವರು ವಿಭೂತಿ ಮುಟ್ಟಿ, ಇಲ್ಲ ಎಂದರು. ಮದುವೆಯಾಗಿ ತಿಂಗಳು ತುಂಬಿರಲಿಲ್ಲ. ದೊಡ್ಡಪ್ಪ ಕಚೇರಿಯ ಕಾಗದ ತಲುಪಿಸಲು ಗಂಗಾವತಿಗೆ ಹೋದವರು, ಸಾಹೇಬರು ಊಟಕ್ಕೆ ಹೋಗಿದ್ದಾರೆಂದು ಕಾಯುವ ಬದಲು, ಮ್ಯಾಟಿನಿಗೆ ಹೊಕ್ಕರು. ಒಂದು ಹಾಡು ತಲೆಗೆ ಹತ್ತಿತು. ಬಸ್ಸಿನಲ್ಲಿ ಮುನಿರಾಬಾದಿನ ತನಕ ಅದನ್ನೇ ಗುನುಗುತ್ತ ಬಂದು, ಮೈ ಮರೆತು ಬಚ್ಚಲಲ್ಲೂ ಹಾಡಿದರು. ಹೊರಬಂದರೆ ಬಾಗಿಲಲ್ಲಿ ಹೊಸ ಹೆಂಡತಿ.

“ಯಾವ ಪದಾರಿ ಅದು?” ಎಂದು ಕೇಳಿದಳಂತೆ.

ಪಿಚ್ಚರಿನದು ಎನ್ನುವಂತಿಲ್ಲ. ಹನುಮಸಾಗರದ ಮಾವ ಕಣ್ಣ ಮುಂದೆ ಬಂದರು. “ನಂದ. ನಾನ ಕಟ್ಟೀನಿ” ಎಂದುಬಿಟ್ಟರು.

“ಯಾರಿಗೆ?”

ಸುಳ್ಳಿನ ತಾಪತ್ರಯವೇ ಇದು, ಒಂದಕ್ಕೆ ನಿಲ್ಲುವುದಿಲ್ಲ. “ಮತ್ತ ಯಾರಿಗೆ? ನಿನಗ” ಎಂದರಂತೆ.

“ಅಕಿ ಮಾರಿ ನೋಡಬೇಕಿತ್ತವಾ ನೀ,” ಎಂದರು ದೊಡ್ಡಪ್ಪ. “ಅಷ್ಟು ಛಲೋ ಆತು ಅಕಿಗೆ. ನಾಳೆ ಖರೇ ಹೇಳಿದ್ರಾತು ಅನಕೊಂಡೆ. ಮರುದಿನ ಏಳೂದ್ರಾಗ ಆ ಧಾಟಿಗೆ ಪದಾ ಕಟ್ಟಿ ಕುಂತಿದ್ಲು. ರೊಟ್ಟಿ ಆರತಾವ ಬೇಗ ಬಾರೋ ಅಂತ. ಹ್ಯಾಂಗ ಹೇಳ್ಲಿ? ಐವತ್ತು ವರ್ಷ ಆತು, ಆ ನಾಳೆ ಇನ್ನೂ ಬಂದಿಲ್ಲ.”

“ಮತ್ತ ಹಾಡು ಪೂರಾ ಹಾಂಗ ತಂದ್ರಿ?”

“ಪೂರಾ ಎಲ್ಲಿ? ಎರಡನೇ ಸಾಲಿನ ಕಡೀಕ ಅಕಿ ಹೀರೋಯಿನ್ ಹಿಂಗ ತಿರಿಗಿ ನೋಡಿದ್ಲು. ಮಂದಿ ಹೋ ಅಂತ ಶಿಳ್ಳಿ ಹೊಡದ್ರು. ಪ್ರತಿ ಸರ್ತಿ ಅದ ಸಾಲಿಗೆ ಶಿಳ್ಳಿ. ಅಲ್ಲೇನ ಐತೋ ನನಗ ಕೇಳಲೇ ಇಲ್ಲ. ಏನೋ ಒಂದು ಹಚ್ಚಿದೆ.”

ಆ ಮಾತಿನ ಬೆಲೆ ನನಗೆ ಆಗ ತಿಳಿಯಲಿಲ್ಲ. ನಾಲ್ಕು ಪುಟದ ನನ್ನ ಕಾಗದವನ್ನು ಮಡಚಿ ಪರ್ಸಿಗೆ ತುರುಕುವ ಅವಮಾನದಲ್ಲಿದ್ದೆ. ಕೋಣೆಯ ಕಿಟಕಿಯಿಂದ ಸಹೋದ್ಯೋಗಿಗಳು ರಾಗ ಕಟ್ಟಿದ ಮಹಾನುಭಾವರನ್ನು ಇಣುಕಿ ನೋಡುತ್ತಿದ್ದರು. ಗಣಿತದ ಮೇಷ್ಟ್ರು ಅಲ್ಲಿಂದಲೇ ಕೈ ಮುಗಿದರು. ದೊಡ್ಡಪ್ಪ ತಲೆ ತಗ್ಗಿಸಿದರು.

“ದೊಡ್ಡವ್ವಗ ಹೇಳಿಬಿಡ್ರಿ” ಎಂದೆ.

“ನಾ ಸತ್ತ ಮ್ಯಾಲೆ ನೀನ ಹೇಳು.”

“ಯಲಬುರ್ಗಾದ ಭಜನಿ ಬರೋ ಸ್ವಾಮಾರ ಐತಿ. ಅಷ್ಟರಾಗ ಆಗೂ ಕೆಲಸ ಅಲ್ಲದು.”

ದೊಡ್ಡಪ್ಪ ಲೆಕ್ಕ ಹಾಕುವವರಂತೆ ಆಕಾಶ ನೋಡಿದರು. ಅವರ ಹೆದರಿಕೆ ನಗುವಂಥದ್ದಾಗಿರಲಿಲ್ಲ. ದೊಡ್ಡವ್ವ ಯಲಬುರ್ಗಾದಲ್ಲಿ ಎದ್ದು ನಿಂತು ಮುಂಬಯಿಯವರು ಕದ್ದರು ಎಂದರೆ, ಆ ಸಭೆಯಲ್ಲಿ ಯಾರಾದರೊಬ್ಬರು ಮೊಬೈಲು ತೆಗೆದು ಸಿನಿಮಾ ಇವರ ಮದುವೆಗಿಂತ ಹಿಂದಿನದೆಂದು ನೋಡುತ್ತಾರೆ, ನಗುತ್ತಾರೆ. ಬಾಯಿ ತುಂಬ ಇನ್ನೊಬ್ಬರನ್ನು ಕಳ್ಳರೆಂದವಳ ಮೊದಲ ಪದವೇ ಕಳವಿನದೆಂದು ಆ ಸೆರಗಿನ ಗಂಟಿನ ಹೆಂಗಸು ಮೂರು ತಾಲ್ಲೂಕಿಗೆ ಹೇಳಿ ಬರುತ್ತಾಳೆ.

ರಾತ್ರಿ ದೊಡ್ಡಪ್ಪನನ್ನು ನನ್ನಲ್ಲೇ ಉಳಿಸಿಕೊಂಡು, ಮರುದಿನ ಒಂದು ವಾರ ರಜೆ ಹಾಕಿ ಅವರ ಜೊತೆ ಕುಕನೂರಿಗೆ ಹೋದೆ. ಧೈರ್ಯಕ್ಕೆ ಇನ್ನೊಬ್ಬರಿರಲಿ ಎಂದು ಮೊದಲು ಟೇಲರ್ ಚಾಚಾ ಅವರ ಅಂಗಡಿಗೆ ಹೊಕ್ಕೆವು. ಮಂಡಳಿಗೆ ಮೂವತ್ತು ವರ್ಷದಿಂದ ಹಾರ್ಮೋನಿಯಂ ನುಡಿಸುವವರು ಇವರೇ. ಬೆಳಿಗ್ಗೆ ನಮಾಜು ಮುಗಿಸಿ ಅಂಗಡಿ ತೆಗೆದರೆ ರಾತ್ರಿ ಮುಚ್ಚುವ ತನಕ ಹಿಂದಿ ಹಾಡು. ಹೊಲಿಗೆ ಯಂತ್ರ ತುಳಿಯುವುದೂ ಹಾಡಿನ ತಾಳಕ್ಕೇ. ನಿಧಾನದ ಹಾಡು ಹತ್ತಿದ ದಿನ ಗಿರಾಕಿಗಳ ಬಟ್ಟೆ ತಡವಾಗುತ್ತದೆ.

ದೊಡ್ಡಪ್ಪ ತಡವರಿಸುತ್ತ ಅರ್ಧ ಹೇಳುವುದರೊಳಗೆ ಚಾಚಾ ಕೈ ಎತ್ತಿದರು.

“ನನಗ ಗೊತ್ತೈತ್ರಿ.”

“ಯಾವಾಗಿಂದ?”

“ಮೂವತ್ತು ವರ್ಷಾತು. ಮೊದಲನೇ ದಿನಾನ ಗೊತ್ತಾತು. ವೈನಿ ‘ಧಾಟಿ ನಮ್ಮನಿಯವರದು’ ಅಂತ ಅಷ್ಟು ಖುಷೀಲೆ ಅಂದ್ರು, ನಾ ಹ್ಯಾಂಗ ಬಾಯಿ ಬಿಡ್ಲಿ? ಗುನ್ಹೆ ನಿಮ್ಮದು, ಗಪ್ ಕುಂತವ ನಾನು.”

ಅಷ್ಟು ವರ್ಷ ಸೋಮವಾರ ಸೋಮವಾರ ಈ ಮನುಷ್ಯ ಮುಖದ ಒಂದು ನರ ಅಲ್ಲಾಡಿಸದೆ ಆ ಪದ ನುಡಿಸಿದ್ದರು! ಆಮೇಲೆ ಇನ್ನೊಂದು ಸುದ್ದಿ ಹೊರಬಿತ್ತು. ಆ ಸಿನಿಮಾದ ರಾಗವೂ ಸಿನಿಮಾದ್ದಲ್ಲವಂತೆ. ಚಾಚಾ ಅವರ ಅಳಿಯ ಹಿಂದೆ ಕೊಲ್ಲಿಯ ದೇಶದಿಂದ ತಂದ ಹಳೆಯ ಅರಬ್ಬಿ ಹಾಡುಗಳ ಕ್ಯಾಸೆಟ್ಟಿನಲ್ಲಿ ಅದೇ ರಾಗವಿದೆ. ಸಿನಿಮಾ ಬರುವುದಕ್ಕೆ ಬಹಳ ಮುಂಚಿನದು.

ದೊಡ್ಡಪ್ಪನ ಮುಖಕ್ಕೆ ಎರಡು ದಿನದಲ್ಲಿ ಮೊದಲ ಬಾರಿ ಜೀವ ಬಂತು. “ಹಂಗಾರ ಅವ್ರೂ ನನ್ನಾಂಗ?”

“ನಿಮಗಿಂತ ದೊಡ್ಡವ್ರು” ಎಂದರು ಚಾಚಾ. “ನೀವು ಹೆಂಡ್ತಿಗೆ ಅಷ್ಟ ಹೇಳಿದ್ರಿ, ಅವರು ಇಡೀ ದೇಶಕ್ಕ ಹೇಳ್ಯಾರ.”

ಈ ಸಮಾಧಾನ ಮನೆಯ ಹೊಸ್ತಿಲ ತನಕ ಬಾಳಿಕೆ ಬಂತು. ಒಳಗೆ ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು. ದೊಡ್ಡಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗಂಗಾವತಿ, ಮ್ಯಾಟಿನಿ, ಬಚ್ಚಲು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು, ಯಾರೂ ತಿರುವಿ ಹಾಕಲಿಲ್ಲ.

“ಪಿಚ್ಚರಿಗೆ ಒಬ್ಬರ ಹೋಗಿದ್ರೇನು?” ಎಂದಳು ದೊಡ್ಡವ್ವ ಕಡೆಗೆ.

“ಹೂಂ.”

“ನನ್ನ ಬಿಟ್ಟು.”

“ನೀ ಹನಮಸಾಗರದಾಕಿ ಅಂತ...”

“ನಮ್ಮಪ್ಪ ನೋಡತಿದ್ದಿಲ್ಲ. ನಾ ನೋಡೂದಿಲ್ಲ ಅಂತ ಯಾವಾಗ ಅಂದಿದ್ದೆ?”

ನಗು ತಡೆಯಲಾಗದೆ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಆದರೆ ದೊಡ್ಡವ್ವ ನಗಲಿಲ್ಲ. ಕೈ ತೊಳೆದುಕೊಂಡು ಒಳಗೆ ಹೋಗಿ ನೋಟ್‌ಬುಕ್ ತಂದಳು. ಮೊದಲ ಪುಟ ತೆರೆದು, ‘ನಮ್ಮನಿಯವರದು’ ಎಂಬುದರ ಮೇಲೆ ಒಂದು ಗೆರೆ ಎಳೆದು, ಪೆನ್ನನ್ನು ಗಂಡನ ಮುಂದಿಟ್ಟಳು.

“ಬರೀರಿ. ಯಾರದು ಅಂತ ನೀವ ಬರೀರಿ.”

ದೊಡ್ಡಪ್ಪ ಪೆನ್ನು ಹಿಡಿದರು. ಅಕ್ಷರ ಮೂಡಲಿಲ್ಲ.

“ಈ ಪದದ ಮ್ಯಾಲೆ ಉಳಿದಿದ್ದೆಲ್ಲಾ ಕಟ್ಟೀನಿ ನಾ,” ಎಂದಳು. “ನನಗಂತ ಒಬ್ಬರು ರಾಗ ಕಟ್ಯಾರ, ನಾನೂ ಏನರ ಕಟ್ಟಬೇಕು ಅಂತ. ಮಂದಿ ಬಂಗಾರ ಹಾಕ್ಕೊಂಡು ಬರ್ತಿದ್ರು, ನಾ ಇದನ್ನ ಹಾಕ್ಕೊಂಡು ಹೋಗತಿದ್ದೆ. ಬುನಾದಿನ ಸುಳ್ಳಾತಲ್ಲರಿ.”

ನನ್ನ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆ ಮೊಬೈಲನ್ನು ಎತ್ತಿ ಬಾವಿಗೆ ಹಾಕಬೇಕೆನ್ನಿಸಿತು. ಎಲ್ಲ ನನ್ನಿಂದಲೇ ಆಗಿತ್ತು. ದೊಡ್ಡವ್ವ ನೋಟ್‌ಬುಕ್ ಮುಚ್ಚಿ, ಯಲಬುರ್ಗಾಕ್ಕೆ ತಾನು ಬರುವುದಿಲ್ಲ, ಬೇರೆ ಯಾರಾದರೂ ಹಾಡಲಿ ಎಂದಳು. ದೊಡ್ಡಪ್ಪನಿಗೆ ಸೀದ ರೊಟ್ಟಿಯೇ ಬಿತ್ತು. ಅವರು ಅದನ್ನು ಪೂರ್ತಿ ತಿಂದರು. ಉಪ್ಪಿನ ವಿಷಯ ಎತ್ತಲಿಲ್ಲ.

ಎರಡು ದಿನ ದೊಡ್ಡವ್ವ ಗಂಡನ ತಾಟನ್ನು ನನ್ನ ಕೈಯಲ್ಲೇ ಕಳಿಸಿದಳು. ಮೂರನೆಯ ದಿನ ಬೆಳಿಗ್ಗೆ ಚಾಚಾ ಹಾರ್ಮೋನಿಯಂ ಹೊತ್ತುಕೊಂಡು ಬಂದರು. ಯಾರ ಅಪ್ಪಣೆಯನ್ನೂ ಕೇಳದೆ ಪಡಸಾಲೆಯಲ್ಲಿ ಕೂತು, ತಿದಿ ಒತ್ತಿ, ಒಳಗೆ ಕೇಳುವಂತೆ ಜೋರಾಗಿ ಹೇಳಿದರು.

“ವೈನಿ, ಹೊರಗ ಬರೂದು ಬ್ಯಾಡ. ಅಲ್ಲೇ ಕುಂತು ಕೇಳ್ರಿ. ಇದು ಪಿಚ್ಚರಿಂದು.” ನುಡಿಸಿದರು. ಎರಡನೇ ಸಾಲಿನ ತುದಿಯಲ್ಲಿ ರಾಗ ಮೆಟ್ಟಿಲಿಳಿದಂತೆ ಕೆಳಗಿಳಿಯಿತು. “ಇದು ಅರಬರದು.” ಅಲ್ಲಿಯೂ ಕೆಳಗೇ ಇಳಿಯಿತು. “ಈಗ ನಿಮ್ಮದು.” ನಮ್ಮ ‘ಬೇಗ ಬಾರೋ’ ಕೆಳಗಿಳಿಯಲಿಲ್ಲ. ಅದು ಮೇಲೇರಿತು. ಬಾಗಿಲಲ್ಲಿ ನಿಂತು ದಾರಿ ನೋಡುವವರು ಹಿಮ್ಮಡಿ ಎತ್ತಿ ನಿಲ್ಲುತ್ತಾರಲ್ಲ, ಹಾಗೆ.

“ಈ ತಿರುವು ಎಲ್ಲೂ ಇಲ್ರಿ,” ಎಂದರು ಚಾಚಾ. “ಮೂವತ್ತು ವರ್ಷ ಹುಡಿಕೀನಿ. ಪಿಚ್ಚರಿನ್ಯಾಗ ಇಲ್ಲ, ಕ್ಯಾಸೆಟ್‌ನ್ಯಾಗ ಇಲ್ಲ. ಪಿಚ್ಚರಿಂದು ಕೇಳಿದ್ರ ಹಾಡು ಮುಗೀತು ಅನಸ್ತೈತಿ. ನಿಮ್ಮದು ಕೇಳಿದ್ರ ಇನ್ನೂ ಯಾರೋ ಬರೂದೈತಿ ಅನಸ್ತೈತಿ. ಇದ ಒಂದು ನನಗ ಸಿಗಲಿಲ್ಲ, ಯಾರು ಕಟ್ಯಾರ ಅಂತ.”

ಬೇವಿನ ಗಿಡದ ಕಟ್ಟೆಯ ಮೇಲೆ ಕೇಳಿದ ಶಿಳ್ಳೆಯ ಮಾತು ನನಗೆ ಆಗ ಹೊಳೆಯಿತು. ಓಡಿ ಹೋಗಿ ದೊಡ್ಡವ್ವನಿಗೆ ಹೇಳಿದೆ. ಮಂದಿ ಶಿಳ್ಳೆ ಹೊಡೆದದ್ದು, ಆ ತುದಿ ದೊಡ್ಡಪ್ಪನಿಗೆ ಕೇಳದೆ ಹೋದದ್ದು, ಏನೋ ಒಂದು ತಾವೇ ಹಚ್ಚಿದ್ದು. ದೊಡ್ಡವ್ವ ಹೊರಗೆ ಬಂದಳು. “ಇನ್ನೊಮ್ಮೆ ಬಾರಸ್ರಿ” ಎಂದಳು. ಮೂರು ಸಲ ಮೂರನ್ನೂ ನುಡಿಸಲು ಹೇಳಿ ಕೇಳಿದಳು. ಆಮೇಲೆ ಎದ್ದು ಎಲ್ಲರಿಗೂ ಚಹಾಕ್ಕಿಟ್ಟಳು. ದೊಡ್ಡಪ್ಪನಿಗೂ ಒಂದು ಲೋಟ ಬಂತು.

ಸೋಮವಾರ ಯಲಬುರ್ಗಾಕ್ಕೆ ಹೋದೆವು. ಕುಕನೂರು ಬೇರೆ ತಾಲ್ಲೂಕಾದ ಮೇಲೂ ನಮ್ಮವರು ಈ ಭಜನೆಗೆ ಯಲಬುರ್ಗಾಕ್ಕೇ ಹೋಗುವುದು. ದೊಡ್ಡಪ್ಪ ಜೀವನದಲ್ಲಿ ಮೊದಲ ಬಾರಿ ಜೊತೆಗೆ ಬಂದರು. ಅಥವಾ ಕರೆತರಲಾಯಿತು. ಮಂಟಪದ ಹಿಂದಿನ ಗೋಡೆಗೆ ಒರಗಿ, ಚಪ್ಪಲಿಗಳ ಹತ್ತಿರ ಕೂತರು. ಸೆರಗಿನ ಗಂಟಿನ ಹೆಂಗಸು ಮುಂದಿನ ಸಾಲಿನಲ್ಲೇ ಇದ್ದಳು. ನೋಟೀಸಿನ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಮೊಬೈಲನ್ನು ತೊಡೆಯ ಮೇಲೆ ಸಿದ್ಧವಾಗಿಟ್ಟುಕೊಂಡಿದ್ದಳು.

ನಮ್ಮ ಸರದಿ ಬಂತು. ದೊಡ್ಡವ್ವ ನೋಟ್‌ಬುಕ್ಕಿನ ಮೊದಲ ಪುಟ ತೆರೆದು ಎದ್ದು ನಿಂತಳು.

“ಇಷ್ಟು ವರ್ಷ ನಾ ಈ ಪದದ ಧಾಟಿ ತಪ್ಪು ಹೇಳೀನಿ. ಎಲ್ಲಾರೂ ಕ್ಷಮಾ ಮಾಡ್ರಿ. ಧಾಟಿ ಹಿಂದಿ ಪಿಚ್ಚರಿಂದು. ಪಿಚ್ಚರಿನವರದು ಅರಬರ ಕಡಿಂದು. ಅವರು ಹೇಳಲಿಲ್ಲ, ಅವರ ಪರವಾಗಿ ನಾ ಹೇಳ್ತೀನಿ. ಅರಬರು ಎಲ್ಲಿಂದ ತಂದಾರೋ ಶಿವಗ ಗೊತ್ತು.” ಒಂದು ಉಸಿರು ಎಳೆದುಕೊಂಡಳು. “ಎರಡನೇ ಸಾಲಿನ ಬಾಲ ಅಷ್ಟ ನಮ್ಮನಿಯವರದು.”

ಮುಂದಿನ ಸಾಲಿನ ಹೆಂಗಸು ಮೊಬೈಲನ್ನು ಒಮ್ಮೆ ನೋಡಿದಳು, ದೊಡ್ಡವ್ವನನ್ನು ಒಮ್ಮೆ ನೋಡಿದಳು. ಎತ್ತಿ ಹಿಡಿಯಲು ಇನ್ನೇನೂ ಉಳಿದಿರಲಿಲ್ಲ. ಪದ ಶುರುವಾಯಿತು. ಎರಡನೇ ಸಾಲಿನ ತುದಿಗೆ ಬಂದಾಗ ದೊಡ್ಡವ್ವ ಕೈ ಎತ್ತಿ ಸನ್ನೆ ಮಾಡಿದಳು. ನಮ್ಮ ಹೆಂಗಸರು ‘ಬೇಗ ಬಾರೋ’ ಎಂಬುದನ್ನು ನಾಲ್ಕು ಸಲ, ಐದು ಸಲ, ಬಿಡದೆ ಮೇಲೇರಿಸಿ ಹಾಡಿದರು. ಐದನ್ನು ದಾಟಿದ ಮೇಲೆ ಇತರ ಮಂಡಳಿಗಳ ಹೆಂಗಸರೂ ದನಿಗೂಡಿಸಿದರು. ಸೆರಗಿನ ಗಂಟಿನವಳ ತುಟಿಯೂ ಅಲ್ಲಾಡಿತು, ನಾನೇ ನೋಡಿದೆ. ಚಪ್ಪಲಿಗಳ ಹತ್ತಿರ ಕೂತ ದೊಡ್ಡಪ್ಪ ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದರು. ತಾಳ ತಪ್ಪುತ್ತಿತ್ತು.

ತಿರುಗಿ ಬರುವ ಬಸ್ಸಿನಲ್ಲಿ ಅವರಿಬ್ಬರೂ ನನ್ನ ಮುಂದಿನ ಸೀಟಿನಲ್ಲಿದ್ದರು. ವಾರದಿಂದ ಅವರಿಬ್ಬರ ನಡುವೆ ಬೇಕಾದಷ್ಟೇ ಮಾತು. ಊರು ದಾಟಿ ಎರೆ ಹೊಲಗಳು ಶುರುವಾದ ಮೇಲೆ ದೊಡ್ಡವ್ವ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು.

“ಆ ಬಾಲ ಖರೇನ ನೀವ ಕಟ್ಟಿದ್ದೇನ್ರಿ?”

“ಹೌದು. ಅದಷ್ಟು ನಂದ.”

“ಯಾರಿಗೆ?”

ದೊಡ್ಡಪ್ಪ ಅಕ್ಕಪಕ್ಕ ನೋಡಿದರು. ಕಂಡಕ್ಟರ್ ಟಿಕೆಟ್ ಹರಿಯುತ್ತ ಹತ್ತಿರವೇ ನಿಂತಿದ್ದ. ಹಿಂದೆ ನಾನು ಕಿವಿ ನಿಮಿರಿಸಿ ಕೂತಿದ್ದೆ. ಕಂಡಷ್ಟನ್ನೇ ಬರೆಯುವ ಮನುಷ್ಯ, ಶಿಳ್ಳೆಯ ಗದ್ದಲದಲ್ಲಿ ಕೇಳಿಸದ್ದಕ್ಕೆ ಏನೋ ಹಚ್ಚಿದೆ ಎಂದು ನನ್ನೆದುರೇ ಹೇಳಿದ್ದ ಮನುಷ್ಯ, ಗಂಟಲು ಸರಿಮಾಡಿಕೊಂಡರು.

“ಮತ್ತ ಯಾರಿಗೆ?” ಎಂದರು. “ನಿನಗ.”

ದೊಡ್ಡವ್ವ ತೊಡೆಯ ಮೇಲಿನ ಚೀಲದಿಂದ ನೋಟ್‌ಬುಕ್ ತೆಗೆದು, ಪೆನ್ನಿನ ಜೊತೆ ಅವರ ಕೈಗಿಟ್ಟಳು. ಬಸ್ಸು ಕುಲುಕುತ್ತಿತ್ತು. ದೊಡ್ಡಪ್ಪ ಮೊಣಕಾಲಿನ ಮೇಲೆ ಮೊದಲ ಪುಟ ಬಿಡಿಸಿಕೊಂಡು, ಗೆರೆ ಎಳೆದ ಧಾಟಿಯ ಪಕ್ಕದಲ್ಲಿ, ಪಿಚ್ಚರು, ಅರಬರು, ಬಾಲ ಎಂದು ಒಂದನ್ನೂ ಬಿಡದೆ, ಹಿಂದಿನ ಸೀಟಿನಿಂದ ನನಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ, ಇಳಿಯುವ ಊರು ಬರುವ ತನಕ ಬರೆದರು.